ಪತ್ತೇದಾರನ ಮನೆವಾರ್ತೆ

ಪತ್ತೇದಾರಿ ಕಾದಂಬರಿಯನ್ನು ಚರಿತ್ರೆಯ ಆಕರವೆಂದು ಹೇಳಿದರೆ ವಿದ್ವಾಂಸರು ನಗುತ್ತಾರೆ. ಶಾಸನವೋ, ಸರಕಾರದ ಕಡತವೋ, ಕಡೆಯ ಪಕ್ಷ ಯಾರಾದರೊಬ್ಬ ಪ್ರವಾಸಿಯ ದಿನಚರಿಯೋ ಇರಬೇಕು. ರೈಲಿನಲ್ಲಿ ಓದಿ ಸೀಟಿನ ಮೇಲೆಯೇ ಬಿಟ್ಟು ಇಳಿಯುವ ಪುಸ್ತಕದಿಂದ ಏನು ಸಿಕ್ಕೀತು ಎಂಬುದು ಅವರ ವಾದ. ಬಿಡಿ ಕಾದಂಬರಿಯೊಂದರ ಮಟ್ಟಿಗೆ ಈ ಮಾತು ಸರಿಯಿರಬಹುದು. ಕೊಲೆಯಾಗುತ್ತದೆ, ಕೊಲೆಗಾರ ಸಿಕ್ಕುತ್ತಾನೆ, ಪುಸ್ತಕ ಮುಗಿಯುತ್ತದೆ. ಆದರೆ ಒಬ್ಬನೇ ಪತ್ತೇದಾರನನ್ನಿಟ್ಟುಕೊಂಡು ಇಪ್ಪತ್ತು ಮೂವತ್ತು ವರ್ಷ ಬರೆದ ಮಾಲೆಯ ವಿಷಯ ಬೇರೆ. ಅಲ್ಲಿ ಪ್ರತಿಯೊಂದು ಕೊಲೆಯೂ ಆಯಾ ಪುಸ್ತಕದೊಡನೆಯೇ ಮುಗಿದರೂ ಪತ್ತೇದಾರನ ಮನೆ ಮುಗಿಯುವುದಿಲ್ಲ. ಅವನು ಯಾರೊಡನೆ ಊಟಕ್ಕೆ ಕೂರುತ್ತಾನೆ, ರಾತ್ರಿ ತಡವಾಗಿ ಬಂದರೆ ಬಾಗಿಲು ತೆಗೆಯುವವರು ಯಾರು, ತೆಗೆದಾಗ ಅವರ ಮುಖ ಹೇಗಿರುತ್ತದೆ ಎಂಬುದೆಲ್ಲ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹರಿದು ಬರುತ್ತದೆ.

ಇದಕ್ಕೆ ಎಲ್ಲರಿಗೂ ಗೊತ್ತಿರುವ ನಿದರ್ಶನ ಅಗಾಥಾ ಕ್ರಿಸ್ಟಿಯವರ ಟಾಮಿ ಮತ್ತು ಟಪೆನ್ಸ್. ೧೯೨೨ರ ಪುಸ್ತಕದಲ್ಲಿ ಕಾಸಿಲ್ಲದ ತರುಣ ತರುಣಿಯರಾಗಿದ್ದವರು ೧೯೭೩ರ ಹೊತ್ತಿಗೆ ಮೊಮ್ಮಕ್ಕಳನ್ನು ಕಂಡ ಮುದುಕ ಮುದುಕಿಯರಾಗಿರುತ್ತಾರೆ. ಅದೇ ಲೇಖಕಿಯ ಪಾಯ್ರೋ ಮಹಾಶಯನಿಗೆ ಈ ಭಾಗ್ಯವಿಲ್ಲ. ಅವನು ಬಹುಮಟ್ಟಿಗೆ ಇದ್ದ ಹಾಗೆಯೇ ಇದ್ದುಬಿಟ್ಟ. ಮನೆಯೊಂದಿದ್ದರೆ ಮಾತ್ರ ಪತ್ತೇದಾರನಿಗೆ ವಯಸ್ಸಾಗುತ್ತದೆಯೋ ಏನೋ.

ನಾನಿಲ್ಲಿ ಬರೆಯಹೊರಟದ್ದು ಇಂಥದೇ ಒಂದು ಮನೆಯ ವಿಷಯ. ಆದರೆ ಅದು ಇಬ್ಬರು ಗಂಡಸರ ಮನೆ. ಊರು ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿ. ಪತ್ತೇದಾರನ ಹೆಸರು ಡೊನಾಲ್ಡ್ ಸ್ಟ್ರೇಚಿ. ಅವನ ಜೊತೆಗಾರ ಟಿಮತಿ ಕ್ಯಾಲಹನ್, ಮನೆಯ ಹೆಸರು ಟಿಮ್ಮಿ. ರಿಚರ್ಡ್ ಸ್ಟೀವನ್‌ಸನ್ ಎಂಬ ಹೆಸರಿನಲ್ಲಿ ಇದನ್ನು ಬರೆದವರು ರಿಚರ್ಡ್ ಲಿಪೆಜ್. ಮೊದಲ ಕಾದಂಬರಿ ‘ಡೆತ್ ಟ್ರಿಕ್’ ೧೯೮೧ರಲ್ಲಿ ಹೊರಬಿದ್ದಿತು. ನಾಲ್ಕು ದಶಕ ಕಾಲ ನಡುನಡುವೆ ನಿಂತರೂ ಮಾಲೆ ಮುಂದುವರಿಯಿತು.

ಇದರ ಬೆಲೆ ಗೊತ್ತಾಗಬೇಕಾದರೆ ಹಿಂದಿನ ಸ್ಥಿತಿಯನ್ನು ಸ್ವಲ್ಪ ನೋಡಬೇಕು. ಹಳೆಯ ಇಂಗ್ಲಿಷ್ ಪತ್ತೇದಾರಿ ಕಥೆಗಳಲ್ಲಿ ಸಲಿಂಗಪ್ರೇಮಿಗೆ ಸಾಮಾನ್ಯವಾಗಿ ಮೂರು ಪಾತ್ರಗಳು: ಕೊಲೆಯಾಗುವವನು, ಕೊಲೆ ಮಾಡುವವನು, ಇಲ್ಲವೇ ಯಾರೋ ಬೆದರಿಸಿ ಹಣ ಕೀಳುವುದಕ್ಕೆ ಸಿಕ್ಕಿದವನು. ಮೂರನೆಯದು ಬರಿಯ ಕಲ್ಪನೆಯಲ್ಲ. ಇಂಗ್ಲೆಂಡಿನಲ್ಲಿ ೧೮೮೫ರಲ್ಲಿ ಬಂದ ಕಾನೂನನ್ನು ಜನ ಬೆದರಿಕೆಗಾರರ ಸನ್ನದು ಎಂದೇ ಕರೆಯುತ್ತಿದ್ದರು. ನಮ್ಮ ದಂಡಸಂಹಿತೆಯ ೩೭೭ನೆಯ ಕಲಮನ್ನು ೧೮೬೦ರಲ್ಲಿಯೇ ನಮಗೆ ಬರೆದುಕೊಟ್ಟವರೂ ಅವರೇ. ಅಲ್ಲಿನ ಕಾನೂನು ಸಡಿಲವಾದದ್ದು ೧೯೬೭ರಲ್ಲಿ. ಇಲ್ಲಿಯದು ೨೦೧೮ರ ಸೆಪ್ಟೆಂಬರಿನಲ್ಲಿ. ಕೊಟ್ಟವರು ಬಿಟ್ಟ ಮೇಲೂ ನಾವು ಅದನ್ನು ಐವತ್ತೊಂದು ವರ್ಷ ಜತನದಿಂದ ಕಾಪಾಡಿದೆವು.

ಹೀಗಿರುವಾಗ ಪತ್ತೇದಾರನೇ ಅಂಥವನಾಗುವುದು ಸುಲಭವಾಗಿರಲಿಲ್ಲ. ೧೯೬೬ರಲ್ಲಿ ಜಾರ್ಜ್ ಬಾಕ್ಸ್ಟ್ ನ್ಯೂಯಾರ್ಕಿನ ಪೊಲೀಸು ಪತ್ತೇದಾರನೊಬ್ಬನನ್ನು ಹಾಗೆ ಚಿತ್ರಿಸಿದರು; ಆದರೆ ಅಲ್ಲಿ ಮನೆಯೆಂಬುದಿಲ್ಲ, ವಿನೋದವೇ ಹೆಚ್ಚು. ಮನೆ ಮೊದಲು ಕಾಣಿಸುವುದು ಜೋಸೆಫ್ ಹ್ಯಾನ್ಸನ್‌ರ ೧೯೭೦ರ ‘ಫೇಡೌಟ್’ ಕಾದಂಬರಿಯಲ್ಲಿ. ಕಾಣಿಸುವ ರೀತಿಯನ್ನು ಗಮನಿಸಬೇಕು. ವಿಮಾ ಕಂಪೆನಿಯ ತನಿಖೆಗಾರ ಡೇವ್ ಬ್ರಾಂಡ್‌ಸ್ಟೆಟರ್‌ನನ್ನು ನಾವು ಕಾಣುವ ಹೊತ್ತಿಗೆ ಅವನೊಡನೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಬಾಳಿದ ರಾಡ್ ಕ್ಯಾನ್ಸರಿನಿಂದ ತೀರಿಕೊಂಡಿದ್ದಾನೆ. ಇಬ್ಬರು ಗಂಡಸರ ಸಂಸಾರ ಪತ್ತೇದಾರಿ ಸಾಹಿತ್ಯಕ್ಕೆ ಕಾಲಿಟ್ಟದ್ದೇ ಸೂತಕದೊಂದಿಗೆ. ಆ ಸೂತಕಕ್ಕೂ ಹೆಸರಿಲ್ಲ. ಹೆಂಡತಿ ಸತ್ತವನನ್ನು ವಿಧುರನೆನ್ನುತ್ತಾರೆ, ಡೇವ್‌ನನ್ನು ಏನೆನ್ನಬೇಕು? ಅವನು ಎದ್ದು ಕೆಲಸಕ್ಕೆ ಹೋಗುತ್ತಾನೆ, ಅಷ್ಟೆ. ಹನ್ನೆರಡು ಕಾದಂಬರಿಗಳ ಆ ಮಾಲೆ ೧೯೯೧ರಲ್ಲಿ ಮುಗಿಯಿತು. ಗದ್ಯದ ಬಿಗಿಯಲ್ಲಿ ಹ್ಯಾನ್ಸನ್‌ರೇ ಮೇಲೆಂದು ನನ್ನ ಅಭಿಪ್ರಾಯ. ಆದರೆ ಲಿಪೆಜ್‌ರ ಮಾಲೆಯಲ್ಲಿ ಇನ್ನೊಂದು ಗುಣವಿದೆ. ಅದು ಹುಟ್ಟಿಕೊಂಡದ್ದು ಊರಿನಿಂದ.

ಆಲ್ಬನಿ ದೊಡ್ಡ ನಗರವಲ್ಲ. ಸುಮಾರು ಒಂದು ಲಕ್ಷ ಜನ. ರಾಜಧಾನಿಯಾಗಿರುವುದರಿಂದ ಗುಮಾಸ್ತರು, ಶಾಸಕರು, ವಕೀಲರು ಹೆಚ್ಚು. ನ್ಯೂಯಾರ್ಕ್ ಮಹಾನಗರದಲ್ಲಿ ಮನುಷ್ಯ ಜನಜಂಗುಳಿಯಲ್ಲಿ ಕರಗಿಹೋಗಬಹುದು. ಇಲ್ಲಿ ಅದು ಸಾಧ್ಯವಿಲ್ಲ. ಕಚೇರಿಯಲ್ಲಿ ಕಂಡವನೇ ಸಂಜೆ ಹೋಟೆಲಿನಲ್ಲಿ ಸಿಗುತ್ತಾನೆ, ಭಾನುವಾರ ಇಗರ್ಜಿಯಲ್ಲಿಯೂ ಸಿಗುತ್ತಾನೆ. ಅಲ್ಲಿನ ರಾಜಕೀಯವೂ ಹಾಗೆಯೇ. ಇರಾಸ್ಟಸ್ ಕಾರ್ನಿಂಗ್ ಎಂಬ ಒಬ್ಬನೇ ಮನುಷ್ಯ ೧೯೪೨ರಿಂದ ೧೯೮೩ರಲ್ಲಿ ಸಾಯುವವರೆಗೂ ಮೇಯರ್ ಆಗಿದ್ದ. ಅವನ ಹಿಂದೆ ಡೆಮಾಕ್ರಟಿಕ್ ಪಕ್ಷದ ಯಂತ್ರವೆಂದು ಹೆಸರಾದ ವ್ಯವಸ್ಥೆ. ೧೯೮೬ರ ‘ಐಸ್ ಬ್ಲೂಸ್’ ಕಾದಂಬರಿಯಲ್ಲಿ ಆ ಯಂತ್ರವನ್ನು ಮುರಿಯಲು ಕೂಡಿಟ್ಟ ಲಕ್ಷಾಂತರ ಡಾಲರುಗಳ ಸುತ್ತ ಕಥೆ ನಡೆಯುತ್ತದೆ. ಹೆಣವೊಂದು ಸ್ಟ್ರೇಚಿಯ ಕಾರಿನಲ್ಲಿಯೇ ಸಿಗುತ್ತದೆ.

ಟಿಮ್ಮಿಯ ಉದ್ಯೋಗವೂ ಈ ರಾಜಕೀಯದ ಒಳಗಿನದೇ. ಅವನು ರಾಜ್ಯದ ಶಾಸಕರೊಬ್ಬರ ಸಹಾಯಕ. ಐರಿಷ್ ಕ್ಯಾಥೊಲಿಕ್ ಮನೆತನ, ಜೆಸುಯಿಟ್ ಪಾದ್ರಿಗಳ ವಿದ್ಯೆ. ಅಮೆರಿಕದ ಪೀಸ್ ಕೋರ್ ಸಂಸ್ಥೆಯ ಸ್ವಯಂಸೇವಕನಾಗಿ ಭಾರತದಲ್ಲಿ ಇದ್ದು ಹೋದವನು. ಆ ಸಂಸ್ಥೆಯ ತರುಣರು ೧೯೬೧ರಿಂದ ೧೯೭೬ರವರೆಗೆ ನಮ್ಮ ದೇಶದಲ್ಲಿದ್ದರು; ಹಳ್ಳಿಗಳಲ್ಲಿ ಅವರನ್ನು ಕಂಡ ನೆನಪು ನಮ್ಮ ಹಿರಿಯ ಓದುಗರಲ್ಲಿ ಕೆಲವರಿಗೆ ಇರಬಹುದು. ಲಿಪೆಜ್ ಸ್ವತಃ ೧೯೬೨ರಿಂದ ೧೯೬೪ರವರೆಗೆ ಅದೇ ಸಂಸ್ಥೆಯಿಂದ ಇಥಿಯೋಪಿಯದಲ್ಲಿ ಮೇಷ್ಟರಾಗಿದ್ದವರು. ಇದಕ್ಕೆ ಪ್ರತಿಯಾಗಿ ಡಾನ್ ವಿಯಟ್ನಾಮ್ ಯುದ್ಧದಿಂದ ಮರಳಿದವನು, ಹಿಂದೊಮ್ಮೆ ಹೆಣ್ಣಿನೊಡನೆ ಮದುವೆಯಾಗಿ ಬಿಟ್ಟವನು, ನಾಲಗೆ ಚುರುಕು, ಜೇಬು ಖಾಲಿ. ಕಥೆಯನ್ನೆಲ್ಲ ಹೇಳುವವನೂ ಅವನೇ.

ಮೊದಲ ಪುಸ್ತಕಗಳಲ್ಲಿ ಇವರಿಬ್ಬರ ನಡುವಣ ಜಗಳ ಒಂದೇ. ಡಾನ್‌ನ ಕಣ್ಣು ನಿಂತಲ್ಲಿ ನಿಲ್ಲುವುದಿಲ್ಲ. ಟಿಮ್ಮಿಗೆ ಅದು ಸಹಿಸುವುದಿಲ್ಲ. ಹೊರನೋಟಕ್ಕೆ ಇದು ಯಾವ ಮನೆಯಲ್ಲಾದರೂ ನಡೆಯಬಹುದಾದ ಜಗಳವೇ. ಒಳಗೆ ಮಾತ್ರ ಒಂದು ಕಾಲದ ತತ್ತ್ವಜಿಜ್ಞಾಸೆಯೇ ಇದೆ. ನಮ್ಮನ್ನು ಅಪರಾಧಿಗಳೆಂದ ಸಮಾಜದ ಮದುವೆಯ ಕಟ್ಟಳೆಯನ್ನು ನಾವೇಕೆ ಪಾಲಿಸಬೇಕು ಎಂಬುದು ಎಪ್ಪತ್ತರ ದಶಕದ ಆ ತಲೆಮಾರಿನಲ್ಲಿ ಅನೇಕರ ಪ್ರಶ್ನೆ. ಡಾನ್ ಆ ಪಕ್ಷ. ಕಟ್ಟಳೆ ಯಾರದ್ದಾದರೇನು, ನನಗೆ ನೋವಾಗುತ್ತದಲ್ಲ ಎಂಬುದು ಟಿಮ್ಮಿಯ ಉತ್ತರ. ಲೇಖಕರು ಯಾರ ಪರವಾಗಿಯೂ ತೀರ್ಪು ಕೊಡುವುದಿಲ್ಲ. ತಮಾಷೆಯ ಮಾತಿನ ನಡುವೆ ಇದ್ದಕ್ಕಿದ್ದಂತೆ ಟಿಮ್ಮಿ ಮೌನವಾಗುತ್ತಾನೆ. ಹೇಳುವವನು ಡಾನ್ ಆದ್ದರಿಂದ ಆ ಮೌನದ ಅರ್ಥ ಓದುಗನಿಗೆ ಅವನಿಗಿಂತ ಮೊದಲೇ ಗೊತ್ತಾಗುತ್ತದೆ. ಈ ಜಾಣ್ಮೆ ದೊಡ್ಡ ಕಾದಂಬರಿಕಾರರಿಗೂ ಎಲ್ಲ ವೇಳೆ ಒದಗುವುದಲ್ಲ.

೧೯೮೪ರ ಎರಡನೆಯ ಪುಸ್ತಕ ‘ಆನ್ ದಿ ಅದರ್ ಹ್ಯಾಂಡ್, ಡೆತ್’ನಲ್ಲಿ ವಯಸ್ಸಾದ ಇಬ್ಬರು ಹೆಂಗಸರು, ಡಾಟ್ ಮತ್ತು ಈಡಿತ್, ಒಟ್ಟಿಗೆ ಬಾಳುತ್ತಿರುವ ಮನೆಯೊಂದಿದೆ. ಅಂಗಡಿ ಸಮುಚ್ಚಯ ಕಟ್ಟುವ ಕಂಪೆನಿಯೊಂದು ಆ ಜಾಗದ ಮೇಲೆ ಕಣ್ಣಿಟ್ಟಿದೆ; ಅವರನ್ನು ಹೆದರಿಸುವ ಕಿಡಿಗೇಡಿತನವೂ ನಡೆದಿದೆ. ಡಾನ್ ಆ ಕೊಟ್ಟಿಗೆ, ಕೊಳ, ಅಡಿಗೆಮನೆಗಳ ನಡುವೆ ಓಡಾಡುವಾಗ, ಇಬ್ಬರು ಒಂದೇ ಸೂರಿನಡಿ ಮುದಿಯಾಗುವುದೆಂದರೆ ಹೀಗೆ ಎಂಬುದನ್ನು ಓದುಗ ಅವನ ಕಣ್ಣಿಂದಲೇ ನೋಡುತ್ತಾನೆ. ಮುಂದಿನ ಪುಸ್ತಕಗಳಲ್ಲಿ ಡಾನ್‌ನ ಅಲೆದಾಟ ಕಡಮೆಯಾಗುತ್ತ ಬರುತ್ತದೆ. ಉಪದೇಶದಿಂದ ಅವನು ಬದಲಾಗಲಿಲ್ಲ.

ಇನ್ನು ವರ್ಷಗಳನ್ನು ನೋಡೋಣ. ನ್ಯೂಯಾರ್ಕ್ ರಾಜ್ಯದ ಅತ್ಯುಚ್ಚ ನ್ಯಾಯಾಲಯ ಕೂರುವುದೂ ಆಲ್ಬನಿಯಲ್ಲಿಯೇ. ಒಪ್ಪಿಗೆಯಿಂದ ಕೂಡುವ ವಯಸ್ಕರನ್ನು ಶಿಕ್ಷಿಸುವ ಕಾನೂನನ್ನು ಅದು ರದ್ದುಗೊಳಿಸಿದ್ದು ೧೯೮೦ರ ಡಿಸೆಂಬರಿನಲ್ಲಿ. ಮರುವರ್ಷವೇ ‘ಡೆತ್ ಟ್ರಿಕ್’ ಬಂದಿತು. ಡಿಸ್ಕೊ ಸಂಗೀತ, ಕುಡಿತ, ಕುಣಿತಗಳ ಊರು ಅದರಲ್ಲಿದೆ. ಅದೇ ೧೯೮೧ರ ಜೂನ್ ೫ರಂದು ಅಮೆರಿಕ ಸರಕಾರದ ಆರೋಗ್ಯ ವಾರಪತ್ರಿಕೆಯಲ್ಲಿ ಲಾಸ್ ಏಂಜಲಿಸಿನ ಐವರು ತರುಣರಿಗೆ ಬಂದ ವಿಚಿತ್ರ ನ್ಯುಮೋನಿಯದ ಸಣ್ಣ ವರದಿಯೊಂದು ಅಚ್ಚಾಯಿತು. ಮುಂದೆ ಏಡ್ಸ್ ಎಂದು ಲೋಕಕ್ಕೆಲ್ಲ ಗೊತ್ತಾದ ರೋಗದ ಮೊದಲ ದಾಖಲೆ ಅದು. ಕಾದಂಬರಿಯ ಕುಣಿತದ ಕೋಣೆಯಲ್ಲಿರುವ ಯಾರಿಗೂ ಅದು ಗೊತ್ತಿಲ್ಲ, ಬರೆದವರಿಗೂ ಗೊತ್ತಿರಲಿಲ್ಲ. ಇಂದು ಓದುವ ನಮಗೆ ಮಾತ್ರ ಗೊತ್ತಿದೆ. ಆ ಪುಸ್ತಕದ ನಗೆಯೆಲ್ಲ ಈಗ ಬೇರೆ ರೀತಿ ಕೇಳಿಸುತ್ತದೆ.

ಆತ್ಮಕಥೆ ಬರೆಯುವವನಿಗೆ ಮುಂದಾದದ್ದೆಲ್ಲ ಗೊತ್ತಿರುತ್ತದೆ. ಗೊತ್ತಿರುವುದರಿಂದಲೇ ಹಿಂದಿನದನ್ನು ತಿದ್ದುತ್ತಾನೆ. ವರ್ಷಕ್ಕೋ ಎರಡು ವರ್ಷಕ್ಕೋ ಒಂದರಂತೆ ಬರೆದ ಮಾಲೆಗೆ ಆ ಅನುಕೂಲವಿಲ್ಲ. ಅಚ್ಚಾದದ್ದು ಅಚ್ಚಾಯಿತು, ಹಿಂದಕ್ಕೆ ಹೋಗಿ ಅಳಿಸುವಂತಿಲ್ಲ. ಆದ್ದರಿಂದಲೇ ಇದನ್ನು ದಿನಚರಿಯ ಸಾಲಿಗೆ ಸೇರಿಸಬೇಕೆಂದು ನಾನೆನ್ನುವುದು. ಇಂಥ ಜೋಡಿಗಳಿಗೆ ಬೇರೆ ದಾಖಲೆಯಾದರೂ ಎಲ್ಲಿತ್ತು? ಲಗ್ನಪತ್ರಿಕೆಯಿಲ್ಲ, ಮದುವೆಯ ರಿಜಿಸ್ಟರಿನಲ್ಲಿ ಸಹಿಯಿಲ್ಲ. ಜನಗಣತಿಯವನು ಬಂದರೆ ಒಬ್ಬ ಯಜಮಾನ, ಇನ್ನೊಬ್ಬ ಬಾಡಿಗೆದಾರ.

೧೯೮೬ರ ‘ಐಸ್ ಬ್ಲೂಸ್’ ಆದ ಮೇಲೆ ಆರು ವರ್ಷ ಮಾಲೆ ಮೌನವಾಯಿತು. ಆ ೧೯೮೬ರಲ್ಲಿಯೇ ಅಮೆರಿಕದ ಸುಪ್ರೀಂ ಕೋರ್ಟು ಜಾರ್ಜಿಯ ರಾಜ್ಯದ ದಂಡನೆಯ ಕಾನೂನನ್ನು ಐದಕ್ಕೆ ನಾಲ್ಕರಿಂದ ಎತ್ತಿಹಿಡಿಯಿತು. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ೧೯೮೯ರ ಜುಲೈಯಲ್ಲಿ ಆಲ್ಬನಿಯ ನ್ಯಾಯಾಲಯದ ಇನ್ನೊಂದು ತೀರ್ಪು. ನ್ಯೂಯಾರ್ಕ್ ನಗರದ ಬಾಡಿಗೆ ಮನೆಯೊಂದರಲ್ಲಿ ಮಿಗೆಲ್ ಬ್ರಾಸ್ಕಿ, ಲೆಸ್ಲಿ ಬ್ಲಾಂಚರ್ಡ್ ಎಂಬಿಬ್ಬರು ಹತ್ತು ವರ್ಷಕ್ಕೂ ಮೇಲ್ಪಟ್ಟು ಒಟ್ಟಿಗಿದ್ದರು. ಬಾಡಿಗೆ ಕರಾರು ಬ್ಲಾಂಚರ್ಡ್‌ರ ಹೆಸರಿನಲ್ಲಿ ಮಾತ್ರ. ೧೯೮೬ರಲ್ಲಿ ಅವರು ತೀರಿಕೊಂಡ ಕೂಡಲೆ ಮಾಲೀಕರು ಉಳಿದವರಿಗೆ ಮನೆ ಬಿಡಲು ಹೇಳಿದರು. ಸತ್ತವನ ಕುಟುಂಬದವರನ್ನು ಹೊರಗೆ ಹಾಕುವಂತಿಲ್ಲವೆಂದು ನಿಯಮವಿತ್ತು. ಹಾಗಾದರೆ ಈತ ಕುಟುಂಬವೇ?

ನ್ಯಾಯಾಧೀಶರು ಆ ಪ್ರಶ್ನೆಯನ್ನು ಬಗೆಹರಿಸಿದ ರೀತಿ ಪತ್ತೇದಾರನ ರೀತಿ. ಇಬ್ಬರ ಹೆಸರಿನ ಜಂಟಿ ಬ್ಯಾಂಕು ಲೆಕ್ಕಗಳಿವೆಯೇ, ವಿಮೆಯ ಹಣ ಯಾರಿಗೆಂದು ಬರೆದಿದೆ, ನೆಂಟರಿಷ್ಟರು ಇವರನ್ನು ಹೇಗೆ ಕಂಡರು, ಕಟ್ಟಡದ ಬಾಗಿಲು ಕಾಯುವವನು ಏನೆಂದುಕೊಂಡಿದ್ದ ಎಂದು ಒಂದೊಂದೇ ಸಾಕ್ಷ್ಯವನ್ನು ಎತ್ತಿ ನೋಡಿ, ಇದು ಕುಟುಂಬವೇ ಎಂದು ತೀರ್ಮಾನಿಸಿದರು. ಪರೀಕ್ಷೆಯ ಅಂಶಗಳಲ್ಲಿ ಎರಡು, ಸಂಬಂಧ ಎಷ್ಟು ಕಾಲದ್ದು ಮತ್ತು ಅದು ಆ ಇಬ್ಬರಿಗೇ ಸೀಮಿತವೇ ಎಂಬುವು. ಇದನ್ನೋದಿದಾಗ ನನಗೆ ಡಾನ್ ನೆನಪಾದ. ಮೊದಲ ಪುಸ್ತಕದ ಕಾಲದಲ್ಲಿ ಇಂಥ ಪ್ರಸಂಗ ಬಂದಿದ್ದರೆ ಅವನ ಅಲೆದಾಟವನ್ನು ಎದುರು ವಕೀಲ ಸುಮ್ಮನೆ ಬಿಡುತ್ತಿದ್ದನೇ? ಟಿಮ್ಮಿಯ ಮುನಿಸು ಬರಿಯ ಹೊಟ್ಟೆಕಿಚ್ಚಲ್ಲವೆಂದು ಆಗ ತಿಳಿಯುತ್ತದೆ. ಗಂಡಹೆಂಡಿರ ಮನೆಗೆ ಇಂಥ ಪರೀಕ್ಷೆಯಿಲ್ಲ. ಗಂಡ ಎಷ್ಟು ಊರು ಅಲೆದರೂ ಹೆಂಡತಿ ಕುಟುಂಬವೇ. ತಾವು ಕುಟುಂಬವೆಂದು ರುಜುವಾತು ಮಾಡುವ ಹೊರೆ ಬಿದ್ದದ್ದು ಇಂಥವರ ತಲೆಯ ಮೇಲೆ ಮಾತ್ರ.

೧೯೯೨ರಲ್ಲಿ ‘ಥರ್ಡ್ ಮ್ಯಾನ್ ಔಟ್’ ಮೂಲಕ ಮಾಲೆ ಮತ್ತೆ ಶುರುವಾಯಿತು. ಗುಟ್ಟಾಗಿ ಬಾಳುವ ದೊಡ್ಡ ಮನುಷ್ಯರ ಹೆಸರುಗಳನ್ನು ಬಯಲಿಗೆಳೆಯುವ ಹೋರಾಟಗಾರನೊಬ್ಬನ ಕಥೆ ಅದು. ೧೯೯೫ರ ‘ಶಾಕ್ ಟು ದಿ ಸಿಸ್ಟಂ’ನಲ್ಲಿ ಸಲಿಂಗಪ್ರೇಮವನ್ನು ರೋಗವೆಂದು ವಾಸಿಮಾಡಹೊರಟ ವೈದ್ಯನಿದ್ದಾನೆ. ೧೯೯೮ರ ‘ಸ್ಟ್ರೇಚೀಸ್ ಫಾಲಿ’ ನನಗೆ ಹೆಚ್ಚು ಹಿಡಿಸಿತು. ಏಡ್ಸ್‌ನಿಂದ ಸತ್ತವರಿಗಾಗಿ ಅವರ ಪ್ರೀತಿಪಾತ್ರರು ಹೊಲಿದ ತುಂಡುಗಳನ್ನೆಲ್ಲ ಜೋಡಿಸಿದ ಮಹಾ ಕೌದಿಯನ್ನು ೧೯೯೬ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನ ಬಯಲಿನಲ್ಲಿ ಹಾಸಿದ್ದರು. ಇದು ನಡೆದ ಸಂಗತಿ. ಕಾದಂಬರಿಯಲ್ಲಿ ಡಾನ್, ಟಿಮ್ಮಿ ಇಬ್ಬರೂ ಅದನ್ನು ನೋಡಹೋದಾಗ, ಸತ್ತೇ ಇಲ್ಲದ ಮನುಷ್ಯನೊಬ್ಬನ ಹೆಸರಿನ ತುಂಡು ಅದರಲ್ಲಿರುವುದು ಗೊತ್ತಾಗುತ್ತದೆ. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುವುದನ್ನು ಕಂಡವರಿಗೆ ಅಲ್ಲಿನ ಬೆಚ್ಚನೆಯ ದುಃಖ ತಟ್ಟನೆ ಅರ್ಥವಾಗುತ್ತದೆ. ಪತ್ತೇದಾರಿಯ ಗಂಟು ಮಾತ್ರ ಅಲ್ಲಿ ಸ್ವಲ್ಪ ಅತಿಯಾಯಿತು.

ಭಾಷೆಯ ಮೇಷ್ಟರಾದ್ದರಿಂದ ಒಂದು ಮಾತು. ೧೯೮೧ರ ಇಂಗ್ಲಿಷಿನಲ್ಲಿ ಇಂಥ ಜೊತೆಗಾರನನ್ನು ‘ಲವರ್’ ಎನ್ನುತ್ತಿದ್ದರು. ತೊಂಬತ್ತರ ದಶಕದಲ್ಲಿ ‘ಪಾರ್ಟ್‌ನರ್’ ಬಳಕೆಗೆ ಬಂದಿತು, ಅಂಗಡಿಯ ಪಾಲುದಾರನನ್ನು ಕರೆದಂತೆ. ಮದುವೆಯ ಕಾನೂನಾದ ಮೇಲೆ ‘ಹಸ್ಬೆಂಡ್’. ಮೂರು ಶಬ್ದಗಳಲ್ಲಿ ಮೂವತ್ತು ವರ್ಷದ ಚರಿತ್ರೆಯಿದೆ. ಕನ್ನಡಕ್ಕೆ ತರಹೊರಟರೆ ಮೊದಲನೆಯದಕ್ಕೆ ಪ್ರಿಯಕರ, ನಲ್ಲ. ಎರಡೂ ಸಿನಿಮಾದ ಹಾಡಿನಲ್ಲಿ ಸವೆದ ಮಾತುಗಳು. ಎರಡನೆಯದಕ್ಕೆ ಸಂಗಾತಿ ಎಂಬ ಒಳ್ಳೆಯ ಮಾತಿದೆ. ಅದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ, ಲೆಕ್ಕಾಚಾರದ ವಾಸನೆಯೂ ಇಲ್ಲ. ಈ ಒಂದು ಕಡೆ ಕನ್ನಡ ಇಂಗ್ಲಿಷಿಗಿಂತ ಸಿರಿವಂತ.

ಇದೇ ಕಾಲದಲ್ಲಿ ಮೈಕೆಲ್ ಕ್ರಾಫ್ಟ್ ಎಂಬವರು ೧೯೯೭ರಿಂದ ಇನ್ನೊಂದು ಮಾಲೆ ಬರೆದರು. ಇಂಗ್ಲಿಷಿನಲ್ಲಿ ‘ಕೋಜಿ’ ಎನ್ನುವ, ರಕ್ತ ಕಡಮೆ, ಊರಿನ ಹರಟೆ ಹೆಚ್ಚು ಇರುವ ಜಾತಿಗೆ ಅದು ಆಲ್ಬನಿಗಿಂತ ಹತ್ತಿರ. ಷಿಕಾಗೋದ ಪತ್ರಿಕಾ ವರದಿಗಾರ ಮಾರ್ಕ್ ಮ್ಯಾನಿಂಗ್ ೧೯೯೯ರ ‘ಬಾಡಿ ಲ್ಯಾಂಗ್ವೇಜ್’ನಲ್ಲಿ ವಿಸ್ಕಾನ್ಸಿನ್ ರಾಜ್ಯದ ಡುಮೊಂಟ್ ಎಂಬ ಕಲ್ಪಿತ ಸಣ್ಣ ಊರಿಗೆ ಬಂದು ಅಲ್ಲಿನ ದಿನಪತ್ರಿಕೆಯನ್ನು ನಡೆಸತೊಡಗುತ್ತಾನೆ. ಅವನ ಸಂಗಾತಿ ನೀಲ್ ವಾಸ್ತುಶಿಲ್ಪಿ, ಕಸುಬು ಷಿಕಾಗೋದಲ್ಲಿ. ವಾರದ ಕೊನೆಗೆ ಒಬ್ಬರ ಊರಿಗೆ ಇನ್ನೊಬ್ಬರು. ಕೊಲೆಯಾದ ಬಂಧುವೊಬ್ಬಳ ಹದಿಹರೆಯದ ಮಗನನ್ನು ಸಾಕುವ ಹೊಣೆಯೂ ಇವರ ಮೇಲೆ ಬೀಳುತ್ತದೆ. ಪುಕ್ಕಟೆಯಾಗಿ ಬಂದ ಮಗನ ಮುಂದೆ ಇಬ್ಬರು ಗಂಡಸರು ತಂದೆತಾಯಿಯರ ಪೇಚಾಟ ಪಡುವುದನ್ನು ಓದುವುದು ಸೊಗಸು. ಆದರೆ ಕಲ್ಪಿತ ಊರಿಗೆ ನ್ಯಾಯಾಲಯವಿಲ್ಲ, ವಿಧಾನಸಭೆಯಿಲ್ಲ. ಕಾಲ ಅಲ್ಲಿ ಅಷ್ಟಾಗಿ ಕಚ್ಚುವುದಿಲ್ಲ.

ಆಲ್ಬನಿಯಲ್ಲಿ ಕಾಲ ಚೆನ್ನಾಗಿಯೇ ಕಚ್ಚಿತು. ನೌಕರಿ, ಮನೆಗಳ ವಿಷಯದಲ್ಲಿ ಸಲಿಂಗಪ್ರೇಮಿಗಳಿಗೆ ತಾರತಮ್ಯ ಮಾಡಬಾರದೆಂಬ ಮಸೂದೆ ಅಲ್ಲಿನ ಶಾಸನಸಭೆಗೆ ಮೊದಲು ಬಂದದ್ದು ೧೯೭೧ರಲ್ಲಿ, ಪಾಸಾದದ್ದು ೨೦೦೨ರ ಡಿಸೆಂಬರಿನಲ್ಲಿ. ಟಿಮ್ಮಿ ದುಡಿಯುತ್ತಿದ್ದದ್ದು ಇಂಥ ಸಭೆಯ ಸೂರಿನಡಿ. ನೆರೆಯ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ೨೦೦೪ರ ಮೇ ೧೭ರಿಂದ ಗಂಡು ಗಂಡು, ಹೆಣ್ಣು ಹೆಣ್ಣು ಮದುವೆಯಾಗಬಹುದೆಂದಾಯಿತು. ಆಲ್ಬನಿಯಿಂದ ಆ ಗಡಿಗೆ ಕಾರಿನಲ್ಲಿ ಒಂದು ಗಂಟೆಯೂ ಬೇಡ. ಲಿಪೆಜ್ ನೆಲಸಿದ್ದದ್ದು ಆ ಗಡಿಯಾಚೆಯ ಗುಡ್ಡಗಾಡಿನ ಬೆಕೆಟ್ ಎಂಬಲ್ಲಿ. ೨೦೦೬ರಲ್ಲಿ ಆಲ್ಬನಿಯ ನ್ಯಾಯಾಲಯ, ಹದಿನೇಳು ವರ್ಷದ ಹಿಂದೆ ಇಬ್ಬರು ಗಂಡಸರನ್ನು ಕುಟುಂಬವೆಂದ ಅದೇ ನ್ಯಾಯಾಲಯ, ಮದುವೆಯ ಹಕ್ಕು ಮಾತ್ರ ಇಲ್ಲವೆಂದಿತು. ೨೦೦೮ರ ‘ಡೆತ್ ವೌಸ್’ನಲ್ಲಿ ಡಾನ್‌ಗೆ ಬರುವ ಕೆಲಸ ಏನೆಂದರೆ, ಗಡಿಯಾಚೆ ಮದುವೆಗೆ ನಿಂತ ಇಬ್ಬರು ಗಂಡಸರಲ್ಲಿ ಒಬ್ಬ ವರನ ಪೂರ್ವಾಪರ ವಿಚಾರಿಸುವುದು. ಹೆಣ್ಣು ಕೊಡುವ ಮುಂಚೆ ವರನ ಊರಿಗೆ ಹೋಗಿ ಗುಟ್ಟಾಗಿ ವಿಚಾರಿಸಿ ಬರುವ ಸೋದರಮಾವಂದಿರನ್ನು ಕಂಡ ನಮಗೆ ಇದರಲ್ಲಿ ಹೊಸದೇನಿಲ್ಲ. ಮದುವೆ ಎಂಬುದು ಬಂದ ಕೂಡಲೆ ಅದರ ಹಿಂದೆ ಸಂಶಯ, ಆಸ್ತಿ, ನೆಂಟರ ಮೂಗು ಎಲ್ಲವೂ ಬಂದುವು. ಲಿಪೆಜ್‌ರಿಗೆ ಇದು ಚೆನ್ನಾಗಿ ಗೊತ್ತಿತ್ತು.

೨೦೦೫ರಿಂದ ೨೦೦೮ರವರೆಗೆ ನಾಲ್ಕು ಪುಸ್ತಕಗಳು ಚಿತ್ರಗಳಾದುವು. ಚಾಡ್ ಅಲೆನ್ ಡಾನ್ ಆದರು. ನಟನೆ ಹಿತವಾಗಿದೆ. ಆದರೆ ಅಲ್ಲಿ ಈ ಇಬ್ಬರು ಮೊದಲಿನಿಂದಲೇ ನೆಲೆನಿಂತ ದಂಪತಿಗಳು. ಹಳೆಯ ಜಗಳದ ಗಾಯಗಳಿಲ್ಲ. ನೋಡಲು ಚೆಂದ, ದಾಖಲೆಯಾಗಿ ತೆಳು.

ಮದುವೆಯ ಮಸೂದೆ ೨೦೦೯ರ ಡಿಸೆಂಬರಿನಲ್ಲಿ ಆಲ್ಬನಿಯ ಸೆನೆಟ್ಟಿನಲ್ಲಿ ೩೮ಕ್ಕೆ ೨೪ರಿಂದ ಬಿದ್ದುಹೋಯಿತು. ೨೦೧೧ರ ಜೂನ್ ೨೪ರ ರಾತ್ರಿ ೩೩ಕ್ಕೆ ೨೯ರಿಂದ ಗೆದ್ದಿತು. ಗವರ್ನರ್ ಆಂಡ್ರೂ ಕ್ಯುಯೊಮೊ ಬೆಳಗಾಗುವವರೆಗೂ ಕಾಯದೆ ಅಂದೇ ರಾತ್ರಿ ಸಹಿ ಹಾಕಿದರು. ಇಡೀ ದೇಶಕ್ಕೆ ಆ ಹಕ್ಕು ೨೦೧೫ರಲ್ಲಿ ಬಂದಿತು. ನಮ್ಮ ಸುಪ್ರೀಂ ಕೋರ್ಟು ೨೦೨೩ರ ಅಕ್ಟೋಬರಿನಲ್ಲಿ ಈ ಪ್ರಶ್ನೆಯನ್ನು ಸಂಸತ್ತಿನ ಕಡೆಗೆ ತಿರುಗಿಸಿತು.

ಆ ೨೦೧೧ರಲ್ಲಿಯೇ ಸ್ಟ್ರೇಚಿಯ ಹೊಸ ಕಾದಂಬರಿಯೊಂದು ಬಂದಿತು, ‘ರೆಡ್ ವೈಟ್ ಬ್ಲ್ಯಾಕ್ ಆ್ಯಂಡ್ ಬ್ಲೂ’. ಮೂವತ್ತು ವರ್ಷ ಜೊತೆಗಿದ್ದವರಿಗೆ ಈಗಲಾದರೂ ಬಾಸಿಂಗ ಕಟ್ಟಿಯಾರೆಂದು ಓದುಗ ಎದುರುನೋಡಿದರೆ ಅದು ಸಹಜ. ಲಿಪೆಜ್ ಕೊಟ್ಟದ್ದು ಗವರ್ನರ್ ಚುನಾವಣೆಯ ಹೊಲಸು: ಅಭ್ಯರ್ಥಿಯೊಬ್ಬನ ಮೇಲಿನ ಆಪಾದನೆಯನ್ನು ಶೋಧಿಸುವ ಕೆಲಸ, ಹಿಂದಿನಿಂದ ತಳ್ಳುವ ಕೈಗಳು, ಮನೆಗೆ ಬಂದರೆ ಟಿಮ್ಮಿಯ ಎಚ್ಚರಿಕೆಯ ಮಾತು. ಆ ಪುಸ್ತಕಕ್ಕೆ ಲ್ಯಾಂಬ್ಡಾ ಸಾಹಿತ್ಯ ಪ್ರಶಸ್ತಿ ಬಂದಿತು. ಅದಾದ ಮೇಲೂ ಲಿಪೆಜ್ ಬರೆಯುತ್ತಲೇ ಇದ್ದರು. ೨೦೨೨ರ ಮಾರ್ಚಿಯಲ್ಲಿ, ಎಂಬತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು.